ಚುಕ್ಕಾಣಿಯ ಬಟ್ಟೆ ಕತ್ತರಿಸುವ ಮುನ್ನ

ಶಹಾಪುರ
೯ ಡಿಸೆಂಬರ್ ೨೦೨೪, ಸೋಮವಾರ

ರಾಧಿಕಾಳ ಅಪ್ಪನವರಿಗೆ, ನಿಮ್ಮ ಚಂದ್ರಕಲಾಳ ನಮಸ್ಕಾರ.

ಬೆನ್ನಿನ ಹೊಲಿಗೆ ಬಿಚ್ಚಿದರೇ? ಬಲಗಾಲಿನ ಉರಿ ತುಸುವಾದರೂ ಇಳಿದಿದೆಯೇ? ಆಸ್ಪತ್ರೆಯ ಅನ್ನ ನಿಮಗೆ ಸೇರುವುದಿಲ್ಲವೆಂದು ಗೊತ್ತು. ಹೈದರಾಬಾದಿನಲ್ಲಿ ಜೋಳದ ರೊಟ್ಟಿ ಮಾಡುವ ಖಾನಾವಳಿ ಎಲ್ಲಾದರೂ ಇದ್ದೀತು, ಹುಡುಕು ಎಂದು ನಿಮ್ಮ ತಮ್ಮ ತಿರುಪತಿಗೆ ಹೇಳಿದ್ದೇನೆ. ಅವನ ಮೇಲೆ ರೇಗಬೇಡಿರಿ. ಅಂಗಡಿಗೆ ಬೀಗ ಹಾಕಿ ಬಂದು ಅಣ್ಣನ ಮಂಚದ ಪಕ್ಕ ನೆಲದ ಮೇಲೆ ಮಲಗುವ ತಮ್ಮಂದಿರು ಈಗ ಎಷ್ಟು ಜನ ಇದ್ದಾರೆ ಹೇಳಿ. ನಾನು ಬರಬೇಕೆಂದರೆ ಅತ್ತೆಯವರನ್ನು ಎತ್ತಿ ಕೂಡಿಸಲು, ತೊಳೆಯಲು ಇಲ್ಲಿ ಬೇರೆ ಯಾರೂ ಇಲ್ಲ. ದಿನವೂ ಅವರದು ಒಂದೇ ಪ್ರಶ್ನೆ, ‘ನನ್ನ ಮಗ ಎಲ್ಲಿ ಹೋಗ್ಯಾನ?’ ಹೈದರಾಬಾದಿಗೆ ಎಂದರೆ ಮರೆತುಬಿಡುತ್ತಾರೆ. ನಿನ್ನೆ ಸಾಕಾಗಿ, ವಿಮಾನದ ಕೆಲಸಕ್ಕೆ ಹೋಗಿದ್ದಾರೆ ಎಂದೆ. ‘ಹಂಗಾದ್ರ ಲಗೂ ಬರಂಗಿಲ್ಲ ಬಿಡು’ ಎಂದು ಗೋಡೆಯ ಕಡೆ ಹೊರಳಿ ಮಲಗಿದರು. ಚೆನ್ನಾಗಿದ್ದೇನೆ ಎಂದು ಬರೆಯಲು ಕೈ ಏಳುತ್ತಿಲ್ಲ. ದಣಿದಿದ್ದೇನೆ, ಅಷ್ಟೇ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ಆಯ್ತು, ಆಯ್ತು, ಜಾಹೀದನಿಗೆ ಹೇಳು ಎಂದು ಇಟ್ಟುಬಿಡುತ್ತೀರಿ. ಕಾಗದದ ಮಾತನ್ನು ನಡುವೆ ತಡೆಯಲು ಬರುವುದಿಲ್ಲ. ನಾಳೆ ರಾಧಿಕಾ ಸುರಪುರದಿಂದ ಬಂದು ಇಲ್ಲಿಂದಲೇ ಹೈದರಾಬಾದಿನ ಬಸ್ಸು ಹಿಡಿಯುತ್ತಾಳೆ. ಅವಳ ಕೈಯಲ್ಲಿ ಕಳಿಸುತ್ತೇನೆ.

ನಿಮ್ಮ ಮಾತಿನಂತೆ ಜಾಹೀದ ಶನಿವಾರ ಟ್ರೇಲರ್ ಬೆಸೆಯುವ ಕೆಲಸ ಬಿಟ್ಟು ಹಳೆಯ ಹತ್ತಿ ಗಿರಣಿಯ ಶೆಡ್ಡಿಗೆ ಬಂದಿದ್ದ. ನೀವು ಕೈಯಾರೆ ಕಟ್ಟಿದ ವಿಮಾನ ಅಲ್ಲಿ ದೂಳು ಹೊದ್ದು ನಿಂತಿದೆ. ವಾಯುಸೇನೆಯ ನೌಕರಿ ಮುಗಿಸಿ ಬಂದು ನೀವು ಅದರ ಮೊದಲ ಕೊಳವೆ ಬೆಸೆದಾಗ ರಾಧಿಕಾ ಹೈಸ್ಕೂಲಿನಲ್ಲಿದ್ದಳು. ಈಗ ಅವಳ ಮಗನೇ ಪಾಟಿ ಹಿಡಿದು ಶಾಲೆಗೆ ಹೋಗುತ್ತಿದ್ದಾನೆ. ಪರವಾನಗಿಗೆಂದೇ ನಾವು ಎಷ್ಟು ಚಳಿಗಾಲ ಕಾದೆವೋ. ಕೊಳವೆಯ ಹಂದರಕ್ಕೆ ಹೊದಿಸಿದ ರೆಕ್ಕೆಯ ಬಟ್ಟೆ, ಬಾಲದ ಬಟ್ಟೆ ಎಲ್ಲ ನಾನು ಹೊಲಿದದ್ದು. ರವಿಕೆ ಹೊಲಿಯುವ ಕೈಗೆ ವಿಮಾನ ಹೊಲಿಯಲು ಕಲಿಸಿದವರು ನೀವೇ.

ಜಾಹೀದ ಕೆಲಸವನ್ನು ನನಗೆ ತಿಳಿಯುವಂತೆ ಹೇಳಿದ. ಬಾಲದ ಚುಕ್ಕಾಣಿಯ ಹಿಂದಂಚಿಗೆ ಅಂಗೈಯಗಲದ ಒಂದು ತಗಡಿನ ಪಟ್ಟಿ, ಅದಕ್ಕೊಂದು ತಂತಿ, ಸೀಟಿನ ಪಕ್ಕ ಹಿಡಿಕೆ. ಹಿಡಿಕೆಯನ್ನು ಒಮ್ಮೆ ತಿರುಗಿಸಿಟ್ಟರೆ ಆ ಪಟ್ಟಿಯೇ ಚುಕ್ಕಾಣಿಯನ್ನು ಬಲಕ್ಕೆ ಹಿಡಿದಿರುತ್ತದೆ, ಚುಕ್ಕಾಣಿ ತಿರುಗಿಸುವ ಪೆಡಲಿನ ಮೇಲಿನ ಕಾಲಿಗೆ ಆರಾಮ. ನೀವು ಟ್ರಿಮ್ ಟ್ರಿಮ್ ಎನ್ನುವುದು ಇದಕ್ಕೇ. ಮೇಲೇರುವಾಗ ನಮ್ಮ ವಿಮಾನದ ಮೂಗು ಎಡಕ್ಕೆ ಎಳೆಯುತ್ತದೆ, ಬಲಗಾಲು ಒತ್ತಿಯೇ ಇರಬೇಕು ಎಂದು ನೀವು ಮೊದಲ ದಿನವೇ ಹೇಳಿದ್ದಿರಿ. ಕಳೆದ ವರ್ಷ ಕಕ್ಕೇರಾ ಕಡೆಯ ಆ ಗಟ್ಟಿನೆಲದಿಂದ ಹಾರಿ ಇಳಿದಾಗಲೆಲ್ಲ ತೊಡೆ ತಿಕ್ಕಿಕೊಳ್ಳುತ್ತಿದ್ದಿರಿ. ವಿಮಾನದಿಂದ ಕಾಲು ನೋಯುತ್ತಿದೆ ಎಂದು ನಾವೆಲ್ಲ ತಿಳಿದೆವು. ನೋವು ಬೆನ್ನಿನಿಂದ ಇಳಿದು ಬರುತ್ತಿದೆ ಎಂದು ಯಾರಿಗೆ ಗೊತ್ತಿತ್ತು.

ಆ ಪಟ್ಟಿ ಕೂಡಿಸಲು ಚುಕ್ಕಾಣಿಯ ಬಟ್ಟೆ ಬಿಚ್ಚಿ ಕೊಡುವುದು ನನ್ನ ಕೆಲಸ. ಕತ್ತರಿ ಹಿಡಿದು ಚುಕ್ಕಾಣಿಯ ಮುಂದೆ ನಿಂತೆ. ಕೈ ಮುಂದಾಗಲಿಲ್ಲ. ಹೊಲಿದದ್ದನ್ನು ಕೀಳುವ ಸಂಕಟ ಅಂದುಕೊಂಡೆ. ಆದರೆ ನನಗೆ ತಿಳಿಯಬೇಕಾಗಿದ್ದುದು ಬೇರೆ, ಆ ಪೆಡಲು ಕಾಲಿಗೆ ಎಷ್ಟು ಭಾರ ಎಂಬುದು. ಇಷ್ಟು ವರ್ಷ ಅದನ್ನು ಹೊಲಿದು, ಒರೆಸಿ, ಬೈದು ಸಾಕಾಗಿದ್ದೇನೆ, ಒಮ್ಮೆಯೂ ನಿಮ್ಮ ಸೀಟಿನಲ್ಲಿ ಕೂತವಳಲ್ಲ. ಸೀರೆ ಎತ್ತಿ ಕಟ್ಟಿ ಹತ್ತಿ ಕೂತೆ. ಹಿಂದೆ ನಿಂತು ಚುಕ್ಕಾಣಿಯನ್ನು ಗಾಳಿಯಂತೆ ನೂಕು ಎಂದು ಜಾಹೀದನಿಗೆ ಹೇಳಿದೆ. ಹಂಗೆಲ್ಲ ಯಾಕ್ರಿ ಭಾಭಿ ಎಂದು ಗೊಣಗಿ, ಆಮೇಲೆ ನೂಕಿದ. ಮೊದಲು ಹಗುರವಿತ್ತು, ಹೊಲಿಗೆಯಂತ್ರ ತುಳಿದಂತೆ. ಅವನು ಎರಡೂ ಕೈಯಿಂದ ಒತ್ತಿದಾಗ ಪೆಡಲು ನನ್ನ ಪಾದವನ್ನೇ ಹಿಂದಕ್ಕೆ ತಳ್ಳಿತು. ನಿಜವಾದ ಗಾಳಿ ಇಷ್ಟು ಇರುತ್ತದೇನು ಎಂದು ಕೇಳಿದೆ. ನಾ ವೆಲ್ಡಿಂಗ್ ಮಾಡಾಂವ, ನನಗೇನ ಗೊತ್ರಿ ಎಂದ.

ಗೊತ್ತಿರುವುದು ನಿಮಗೆ. ಜನವರಿಯಲ್ಲಿ ಅಡ್ಡಗಾಳಿಗೆ ಸಿಕ್ಕು, ಒಂದು ಚಕ್ರದ ಮೇಲೆ ಇಳಿದು, ಹೊಲದ ಬದುವಿನ ತನಕ ಉರುಳಿ ನಿಂತಿರಲ್ಲ, ಅವತ್ತು ಚಹಾದ ಲೋಟ ಹಿಡಿದು ನೀವೇ ಹೇಳಿದ್ದಿರಿ: ‘ಮ್ಯಾಲ ಇದ್ದಾಗ ಕಾಲು ದಣೀತದ, ಅಷ್ಟ. ಇಳಿಯಾಗ ಗಾಳಿ ಅಡ್ಡ ಬಂತಂದ್ರ ಕಾಲ ಮ್ಯಾಲೇ ಜೀವ ಇರ್ತದ.’ ಶೆಡ್ಡಿನಲ್ಲಿ ಕೂತಾಗ ನನಗೆ ಆ ಮಾತು ಬಿಟ್ಟು ಬೇರೇನೂ ನೆನಪಿಗೆ ಬರಲಿಲ್ಲ.

ಸಂಜೆ ಕಲಬುರಗಿಗೆ ಶಿವಶರಣ ಅವರಿಗೆ ಫೋನು ಮಾಡಿದೆ. ನಿಮಗೆ ಹಾರಲು ಕಲಿಸಿದವರು, ಮೊದಲ ಸಲ ಈ ವಿಮಾನವನ್ನು ಎತ್ತಿದವರು, ನಿಮ್ಮನ್ನು ಬಯ್ಯುವ ಹಕ್ಕಿರುವ ಒಬ್ಬರೇ ಅವರು. ಟ್ರಿಮ್ ಹಚ್ಚಿಸಬೇಕೋ ಬೇಡವೋ ಎಂದು ನೇರ ಕೇಳಿದೆ. ಹಚ್ಚಿಸಿದರೆ ತಪ್ಪಿಲ್ಲವಂತೆ, ದೂರ ಹೋಗುವವರಿಗೆ ಒಳ್ಳೆಯದಂತೆ. ಬಾಲಕ್ಕೆ ತೂಕ ಬೀಳುತ್ತದೆ, ಮತ್ತೆ ಎಲ್ಲ ತೂಗಿ ಪರೀಕ್ಷಿಸಬೇಕು, ಅದೂ ಆಗದ ಕೆಲಸವಲ್ಲ ಎಂದರು. ಆಮೇಲೆ ನಿಮ್ಮ ಹೆಸರು ಹಿಡಿದೇ ಅಂದರು: ‘ನೋಡವ್ವ, ಇದ್ದ ಕಾಲಿಗಿ ಅದು ಆರಾಮ ಕೊಡ್ತದ. ಹಣಮಂತ್ರಾಯನ ಕಾಲಿನ ಬದಲಿ ಅದು ವಿಮಾನ ಇಳಿಸಂಗಿಲ್ಲ.’

ರಾಧಿಕಾಳದು ಬೇರೆಯೇ ವಾದ. ಹಚ್ಚಿಸಿಬಿಡವ್ವ, ಅಪ್ಪ ಹಾಸಿಗೆಯಿಂದ ಏಳುವುದೇ ಆ ಹಿಡಿಕೆಯ ಆಸೆಯಿಂದ ಎಂದು ನಿನ್ನೆ ಫೋನಿನಲ್ಲಿ ಅತ್ತಳು. ಅವಳು ಹೇಳುವುದು ಸುಳ್ಳಲ್ಲ. ವ್ಯಾಯಾಮ ಮಾಡಿಸಲು ಬರುವ ಹುಡುಗಿಗೆ ನೀವು ಚುಕ್ಕಾಣಿಯ ಚಿತ್ರ ಬರೆದು ತೋರಿಸಿದಿರಂತೆ. ಹಿಡಿಕೆ ಬಂದರೆ ಕಾಲು ಅರ್ಧ ಇದ್ದರೂ ನಡೆಯುತ್ತದೆ ಎಂದಿರಂತೆ. ಕೇಳಿ ನನಗೆ ಸಿಟ್ಟು ಬಂತು, ಆಮೇಲೆ ಸಿಟ್ಟಿಗೂ ತ್ರಾಣ ಉಳಿಯಲಿಲ್ಲ. ಹೇಳಿರಿ, ಈ ಟ್ರಿಮ್ ವಿಮಾನಕ್ಕೆ ಬೇಕೋ, ನಿಮಗೆ ಬೇಕೋ? ಯೋಚಿಸಿ ತಿಳಿಸಿರಿ. ಅಲ್ಲಿಯವರೆಗೆ ಕತ್ತರಿ ಪೆಟ್ಟಿಗೆಯಲ್ಲಿರುತ್ತದೆ.

ನಾರಾಯಣಪುರದಿಂದ ನಿಮ್ಮ ಅಕ್ಕನ ಮನೆಯವರು ಬಂದು ಅತ್ತೆಯವರನ್ನು ನೋಡಿಕೊಂಡು ಹೋದರು, ನಿಮ್ಮನ್ನು ಕೇಳಿದರು. ಹೊತ್ತಿಗೆ ಸರಿಯಾಗಿ ಮಾತ್ರೆ ತಗೊಳ್ಳಿರಿ. ಹಟ ಮಾಡಿ ಒಬ್ಬರೇ ಎದ್ದು ನಿಲ್ಲಬೇಡಿರಿ. ಅಮ್ಮನ ಆಶೀರ್ವಾದ, ಮೊಮ್ಮಗನ ಮುತ್ತು ಎರಡೂ ಇದರ ಜೊತೆ ಬರುತ್ತಿವೆ.

ನಿಮ್ಮ ದಾರಿ ನೋಡುತ್ತಿರುವ
ಚಂದ್ರಕಲಾ

ತಾ.ಕ.: ಮಂಗಳವಾರ, ಮುಂಜಾನೆ. ರಾಧಿಕಾ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮೇಲೆ ನಿಮ್ಮ ಅಭಿಪ್ರಾಯ ಕೇಳಿದ್ದೇನೆ, ಆದರೆ ಜಾಹೀದನಿಗೆ ಬೇಡವೆಂದು ಆಗಲೇ ಹೇಳಿಬಿಟ್ಟಿದ್ದೇನೆ. ಬಲಪಾದದ ಕಸುವು ಮೊದಲಿನಂತೆ ಮರಳುವುದಿಲ್ಲ ಎಂದು ಡಾಕ್ಟರು ತಿರುಪತಿಗೆ ಹೇಳಿದ್ದಾರೆ. ನಡೆಯುತ್ತೀರಿ, ಕೋಲು ಬೇಕಾದೀತು. ಪೆಡಲು ಒತ್ತುವ ಕಾಲು ಇನ್ನಿಲ್ಲ. ನಿಮ್ಮ ಮುಖ ನೋಡಿ ಹೇಳಲಾರದೆ ಅವನು ನನಗೆ ಹೇಳಿ ಅತ್ತ. ಶಿವಶರಣ ಅವರು ಸಂಕ್ರಾಂತಿ ಕಳೆದ ಮೇಲೆ ಬಂದು ಹಾರಿಸುತ್ತಾರೆ, ನೀವು ಪಕ್ಕದ ಸೀಟಿನಲ್ಲಿ. ಒಪ್ಪಲು ನಿಮಗೆ ಎಷ್ಟು ದಿನ ಬೇಕೋ ಅಷ್ಟು ತಗೊಳ್ಳಿರಿ, ನನ್ನನ್ನು ಬೈಯಬೇಕೆನಿಸಿದರೆ ಬೈಯಿರಿ. ಆದರೆ ಇದನ್ನು ಓದಿದ ಕೂಡಲೇ ತಿರುಪತಿಯನ್ನು ಕರೆದು ನಿಮ್ಮ ಜೊತೆ ಊಟಕ್ಕೆ ಕೂಡಿಸಿರಿ. ಆ ಮಾತು ಕೇಳಿದಾಗಿನಿಂದ ಅವನು ಸರಿಯಾಗಿ ಉಂಡಿಲ್ಲ.