ಹಗುರ ಕಟ್ಟಿಗೆ ಎಂದವನು ನಾನು

ಗಂಗಾವತಿ, ಹಾಸ್ಟೆಲ್ ರೂಮ್ ಒಂಬತ್ತು
ಫೆಬ್ರವರಿ 1999

ಕಿನ್ನಾಳದ ಹನುಮಣ್ಣ ಕಾಕಾ, ಶರಣ್ರಿ.

ನಾನು ನವಲಿಯ ರಾಮಾಂಜನೇಯ, ನಿಮ್ಮ ಅಕ್ಕನ ಮಗ ನಾಗೇಶನ ರೂಮ್‌ಮೇಟ್. ದಸರಾ ರಜೆಯಲ್ಲಿ ಇಂಗ್ಲಿಷ್ ಮ್ಯಾಗಜೀನ್ ಹಿಡಿದುಕೊಂಡು ಅವನ ಜೊತೆ ನೀವು ಗೊಂಬೆ ಮಾಡುವ ಮನೆಗೆ ಬಂದವನು.

ಆ ಮ್ಯಾಗಜೀನ್ ಸಿಕ್ಕಿದ್ದು ಇಲ್ಲಿನ ಬಾಬಾಸಾಬರ ರದ್ದಿ ಅಂಗಡಿಯಲ್ಲಿ. ಅಮೆರಿಕದ್ದು, 1997ರದು. ಗಾಲಿ ಹಚ್ಚಿದ ಹಲಗೆಯ ಮೇಲೆ ನಿಂತು ಹುಡುಗರು ಮೆಟ್ಟಿಲು ಹಾರುತ್ತಿದ್ದರು. ಅರ್ಧಕ್ಕರ್ಧ ಪುಟ ಬೂಟಿನ ಜಾಹೀರಾತು. ಬಿದ್ದವರಿಗೂ ಒಂದು ಪುಟ ಇತ್ತು, ಮೊಣಕಾಲು ಒಡೆದುಕೊಂಡು ನಗುತ್ತಿದ್ದರು. ಕೊನೆಯಲ್ಲಿ ಓದುಗರು ಕಳಿಸಿದ ಫೋಟೊಗಳು. ಅಲ್ಲಿ ತನ್ನದೂ ಬರಬೇಕೆಂದು ನಾಗೇಶ ಹಟ ಹಿಡಿದ. ಐದನೇ ತರಗತಿಯಿಂದ ಹಾಸ್ಟೆಲ್ಲಿನಲ್ಲೇ ಬೆಳೆದ ನನಗೆ ಇಂಗ್ಲಿಷ್ ಬರುತ್ತದೆಂದು ಹೆಸರು. ನಿಜವಾಗಿ ಅರ್ಧ ಬರುತ್ತದೆ. ಉಳಿದದ್ದಕ್ಕೆ ಕ್ಲಾಸಿನಲ್ಲಿ ಕೂತಲ್ಲೇ ಬೆವರುತ್ತೇನೆ.

ಫೋಟೊ ನೋಡಿ ನೀವು ನಕ್ಕಿರಿ. "ಮಣಿ ಮ್ಯಾಲ ಕುಂತು ಉಣ್ಣೂದು ಬಿಟ್ಟು, ನಿಂತು ಹಾರ್ತೀರೇನಲೇ?" ಆಮೇಲೆ ಹಲಗೆಯ ತಳದ ಬಣ್ಣ ಕಂಡು, "ಚಿತ್ರ ನೆಲದ ಕಡೆ ಬರದಾರಲ್ಲೋ, ನೋಡಾವ್ರು ಯಾರು?" ಎಂದಿರಿ. ಹಾರಿದಾಗ ಕಾಣುತ್ತದೆ ಎಂದೆ. ನಾಗೇಶನಿಗೆ ಅಂಥದೇ ಹಲಗೆ ಮಾಡಿ, ತಳಕ್ಕೆ ಹಸಿರು ಗಿಳಿ ಬರೆದುಕೊಡುತ್ತೇನೆ ಎಂದು ಒಪ್ಪಿದಿರಿ.

ಕಟ್ಟಿಗೆಯ ಮಾತು ಬಂತು. "ಮನುಷ್ಯಾ ನಿಂದ್ರೂದಕ್ಕ ಸಾಗವಾನಿ ಬೇಕು. ಇದ್ರಾಗ ಏನ್ ಬರದಾರ ಓದಪಾ" ಎಂದಿರಿ. ಕಟ್ಟಿಗೆಯ ಬಗ್ಗೆ ಇದ್ದ ಸಾಲು ನನಗೆ ತಿಳಿಯಲಿಲ್ಲ. ನಾಗೇಶ ನನ್ನ ಮುಖವನ್ನೇ ನೋಡುತ್ತಿದ್ದ. ನಿಮ್ಮ ಮುಂದೆ ಗೊಂಬೆ ಮಾಡುವ ಹಗುರ ಕಟ್ಟಿಗೆ ಬಿದ್ದಿತ್ತು. "ಹಗುರ ಕಟ್ಟಿಗಿ ಅಂತ ಐತ್ರಿ" ಎಂದುಬಿಟ್ಟೆ. ನೀವು ಆ ಕಟ್ಟಿಗೆ ಎತ್ತಿ ಕೈಯಲ್ಲಿ ತೂಗಿ ನೋಡಿ, "ಪುಸ್ತಕದಾಗ ಐತಿ ಅಂದ್ರ ಆತು ಬಿಡು" ಎಂದಿರಿ.

ಕಾಲೇಜಿನ ನಾಲ್ಕು ಮೆಟ್ಟಿಲು ಹಾರಿ ನಾಗೇಶ ಕೆಳಗಿಳಿದಾಗ ಹಲಗೆ ಎರಡು ತುಂಡಾಯಿತು. ಅವನ ಮುಂಗೈ ಮುರಿಯಿತು. ದವಾಖಾನೆಗೆ ಬಂದ ನೀವು "ಕಟ್ಟಿಗಿ ನಂದು, ತಪ್ಪು ನಂದು" ಎಂದಾಗ ನಾನು ಬಾಗಿಲಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ.

ಅವನ ಕೈ ಕೂಡಿದೆ. ಆದರೆ ಮೊನ್ನೆ ಕಿನ್ನಾಳಕ್ಕೆ ಹೋಗಿಬಂದ ನಾಗೇಶ ಹೇಳಿದ: "ಮಾವ ಆಡೂ ಕುದುರಿ ಮಾಡೂದ ಬಿಟ್ಟಾನಲೇ. ಕೂಸು ಕುಂತಾಗ ಮುರದ್ರ ಏನ್ ಮಾಡ್ಲಿ ಅಂತಾನ. ಬರೇ ಷೋಕೇಸಿನಾಗ ಇಡೂ ಗೊಂಬಿ ಮಾಡ್ತಾನ."

ಅವತ್ತೇ ಲೈಬ್ರರಿಯಲ್ಲಿ ಡಿಕ್ಷನರಿ ತೆಗೆದು ಆ ಸಾಲು ಬಿಡಿಸಿದೆ. ಗಟ್ಟಿ ಮರದ ಏಳು ಪದರ ಅಂಟಿಸಿದ ಹಲಗೆ ಎಂದಿತ್ತು. ಮೊದಲು ನೀವು ಹೇಳಿದ್ದೇ ಸರಿ ಇತ್ತು ಕಾಕಾ. ನಿನ್ನೆ ನಾಗೇಶನಿಗೂ ಹೇಳಿದೆ. ಅವನು ಹಾಸಿಗೆ ಸುತ್ತಿಕೊಂಡು ಪಕ್ಕದ ರೂಮಿಗೆ ಹೋದ.

ಕುದುರೆ ಮಾಡಿ. ಮಕ್ಕಳು ಕೂರಲಿ.

ಇನ್ನೊಂದು ಹೇಳುವುದಿದೆ. ನಾಗೇಶ ಹಾರಿದಾಗ ಗಿಳಿ ಕಾಣಿಸಿತು. ಕೆಳಗೆ ನಿಂತಿದ್ದವನು ನಾನೊಬ್ಬನೇ, ಅದಕ್ಕೆ ನಾನೇ ತಿಳಿಸಬೇಕು. ಬಣ್ಣ ಭಾಳ ಛಲೋ ಬಂದಿತ್ರಿ.

ನಿಮ್ಮ ಉಳಿ, ನಿಮ್ಮ ಕೈ ತಣ್ಣಗಿರಲಿ.

ನಿಮ್ಮ ಮುಂದೆ ಸುಳ್ಳು ಓದಿದ,
ರಾಮಾಂಜನೇಯ