ಕೆಂಪುಕಲ್ಲು ವಾಪಸ್ ಕಳಿಸುತ್ತಿದ್ದೇನೆ

ಹುಮನಾಬಾದ್
9 ನವೆಂಬರ್ 2024

ಪ್ರೀತಿಯ ಗುರುನಾಥಣ್ಣಾ,

ನಿನ್ನ ತಂಗಿಯ ಶರಣು. ಇಳಕಲ್ಲಿನ ಕ್ವಾರಿ ಧೂಳಿಗೆ ನಿನ್ನ ಕೆಮ್ಮು ಹೆಚ್ಚಾಗಿದೆ ಅಂತ ವೈನಿ ಹೇಳಿದಳು. ಮೂಗಿಗೆ ಬಟ್ಟೆ ಕಟ್ಟಿಕೋ. ಆಳುಗಳನ್ನೆಲ್ಲ ಗದರಿಸಿ ಕಟ್ಟಿಸುವ ಮೇಸ್ತ್ರಿ ನೀನು, ನೀನು ಮಾತ್ರ ಬಾಯಿ ತೆರೆದು ನಿಲ್ಲುತ್ತೀಯಂತೆ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು ಕಟ್ ಮಾಡುತ್ತೀ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಸಿಟ್ಟು ಬಂದರೂ ಕೊನೆತನಕ ಓದು.

ಅಪ್ಪನ ಸಮಾಧಿಯ ಗದ್ದುಗೆಗೆ ಅಂತ ನೀನು ಕಳಿಸಿದ ಕೆಂಪುಕಲ್ಲು ಬಂತು. ಚೆಂದ ಇದೆ, ಇಲ್ಲ ಅನ್ನಲಾರೆ. ಘಾಟಬೋರಾಳದ ಹೊಲದಲ್ಲಿ ಗದ್ದುಗೆ ಕಟ್ಟಿ ಮುಗಿದಿದೆ, ಮೇಲಿನ ಕಲ್ಲೊಂದೇ ಬಾಕಿ. ಹೆಸರು ಕೊರೆಸಲು ಬಸವಕಲ್ಯಾಣದ ಜಲಾಲುದ್ದೀನ್ ಚಾಚಾನ ಅಂಗಡಿಗೆ ಟೆಂಪೋದಲ್ಲಿ ಹಾಕಿಕೊಂಡು ಹೋದೆ. ಚಾಚಾ ಹಿಂಬದಿಯ ಮೂಲೆಯಲ್ಲಿ ಅಪ್ಪನ ಹೆಸರು ಕೊರೆದು ನೋಡಿ ಉಳಿ ಕೆಳಗಿಟ್ಟರು. "ಟೀಚರಮ್ಮಾ, ಇದರಾಗ ಕಾಳು ಕಾಳು ಕಿತ್ತು ಬರ್ತಾವ್ರಿ. ಅಕ್ಷರ ನಿಲ್ಲಂಗಿಲ್ಲ. ಕರಿಕಲ್ಲು ತರಸ್ರಿ, ಇಲ್ಲಂದ್ರ ನನ್ನ ಹೆಸರು ಖರಾಬ್ ಆಗ್ತದ." ಅದನ್ನು ಹೇಳಲು ಫೋನ್ ಮಾಡಿದರೆ ನೀನು ಏನಂದೆ? "ಕರಿಕಲ್ಲು ಅಡಗಿಮನಿ ಕಟ್ಟಿ ಮ್ಯಾಲ ಹಾಕ್ತಾರ. ಕಲ್ಲಿನ ಬಗ್ಗೆ ನನಗ ಕಲಿಸಬ್ಯಾಡ." ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಸಣ್ಣಂದಿನಿಂದ ಇದೇ ಆಯಿತು ನಿನ್ನದು.

ಕಲಿಸುತ್ತೇನೆ, ಕೇಳು. ಎರಡೂ ನೆಲದೊಳಗೆ ಕರಗಿದ್ದ ಪಾಕವೇ. ನಿನ್ನ ಕೆಂಪು ಗ್ರಾನೈಟ್ ಆಳದಲ್ಲಿ ರಾಶಿಯಾಗಿ ಕೂತು ಲಕ್ಷಾಂತರ ವರ್ಷ ನಿಧಾನವಾಗಿ ಆರಿತು. ಅದಕ್ಕೇ ಹರಳುಗಳು ಜೋಳದ ಕಾಳಿನಷ್ಟು ಬೆಳೆದಿವೆ. ಕರಿಕಲ್ಲು, ನಾನು ಮಕ್ಕಳಿಗೆ ಡಾಲರೈಟ್ ಅಂತ ಹೇಳಿಕೊಡುತ್ತೇನೆ, ಬಂಡೆಯ ಬಿರುಕಿಗೆ ನುಗ್ಗಿ ಬೇಗ ಆರಿತು. ಹರಳು ದೊಡ್ಡದಾಗಲು ಪುರುಸೊತ್ತೇ ಸಿಗಲಿಲ್ಲ, ಹಿಟ್ಟಿನಷ್ಟು ಸಣ್ಣಗೆ ಉಳಿಯಿತು. ಹಾಗಾಗಿ ಉಳಿ ಎಲ್ಲಿ ನಿಲ್ಲಿಸಿದರೆ ಅಲ್ಲೇ ಗೆರೆ ನಿಲ್ಲುತ್ತದೆ. ನೀವು ವ್ಯಾಪಾರದವರು ಎರಡನ್ನೂ ಗ್ರಾನೈಟ್ ಅಂತಲೇ ಮಾರುತ್ತೀರಿ, ಆಮೇಲೆ ಕೆಂಪು ಮೇಲು, ಕರಿ ಕೀಳು ಅನ್ನುತ್ತೀರಿ. ಕಲ್ಯಾಣದ ನೆಲದಲ್ಲಿ ಹುಟ್ಟಿ ಕಲ್ಲಿಗೂ ಜಾತಿ ಹಚ್ಚುತ್ತೀಯಲ್ಲೋ, ನಾಚಿಕೆ ಬರಬೇಕು ನಿನಗೆ. ನಿನ್ನ ಜೊತೆ ವಾದ ಮಾಡಿ ಮಾಡಿ ನನಗೆ ಸಾಕಾಗಿದೆ ಅಣ್ಣಾ, ಅಳು ಬರುತ್ತದೆ.

ವರ್ಷದ ಪುಣ್ಯಸ್ಮರಣೆಗೆ ಇಪ್ಪತ್ತೇ ದಿನ. ಕೊರೆಯಲು ಚಾಚಾಗೆ ಎಂಟು ದಿನ ಬೇಕು. ಲಾರಿ ಡ್ರೈವರ್ ಏಜಾಜ್ ಕೈಯಲ್ಲಿ ಕೆಂಪುಕಲ್ಲನ್ನೂ ಈ ಕಾಗದವನ್ನೂ ಕಳಿಸುತ್ತಿದ್ದೇನೆ. ಬರುವ ಲಾರಿಗೆ ಅದೇ ಅಳತೆಯ ಕರಿಕಲ್ಲು ಹಾಕಿಸು. ವೈನಿಗೆ ಶರಣಾರ್ಥಿ ಹೇಳು, ಸಾಕ್ಷಿಗೆ ಈ ಅತ್ತೆಯ ಮುದ್ದು.

ನಿನ್ನ ತಂಗಿ,
ವಿದ್ಯಾವತಿ

ತಾ.ಕ.: ಏಜಾಜ್ ಹಾರ್ನ್ ಹೊಡೆಯುತ್ತಿದ್ದಾನೆ. ಅವ್ವ ನಿನಗೆ ಹೇಳಬೇಡ ಅಂದಿದ್ದಳು, ಹೇಳುತ್ತೇನೆ. ಅವಳ ಎರಡೂ ಕಣ್ಣು ಹೋಗಿವೆ, ಮರಳಿ ಬರುವುದಿಲ್ಲ ಅಂತ ಕಲಬುರಗಿ ಡಾಕ್ಟರು ಹೇಳಿದರು. ಗಂಡನ ಹೆಸರು ಬಾಯಿಂದ ಆಡಬಾರದು ಅಂತ ಅವಳು ಎಂದೂ ಆಡಲಿಲ್ಲ, ಅದಕ್ಕೆ ಅಪ್ಪ ಅದೊಂದು ಹೆಸರನ್ನು ಹಿಟ್ಟಿನಲ್ಲಿ ಬೆರಳು ಹಿಡಿದು ಬರೆಸಿ ಕಲಿಸಿದ್ದ. ಅವಳಿಗೆ ಬರುವ ಅಕ್ಷರ ಅಷ್ಟೇ. ನಿನ್ನೆ ಅವಳನ್ನು ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಚಾಚಾ ಕರಿಕಲ್ಲಿನ ತುಂಡಿನ ಮೇಲೂ 'ಬಸವಣಪ್ಪ' ಅಂತ ಕೊರೆದಿಟ್ಟಿದ್ದರು. ಬೆರಳಾಡಿಸಿ ಕೊನೆಯ ಅಕ್ಷರ ಮುಟ್ಟಿದವಳೇ ಸೆರಗು ತಲೆಗೆ ಎಳೆದುಕೊಂಡಳು. ಆಮೇಲೆ ನಿನ್ನ ಕೆಂಪುಕಲ್ಲಿನ ಮೂಲೆಯಲ್ಲಿ ಕೊರೆದ ಅದೇ ಹೆಸರನ್ನು ಮೂರು ಸಲ ಸವರಿ ನೋಡಿ ಕೇಳಿದಳು, "ಇದರ ಮ್ಯಾಲ ಯಾರ ಹೆಸರು ಬರದಾರವಾ?"