ಮುನವ್ವರಾ ಮನೆಯಲ್ಲಿಟ್ಟ ಮಾತ್ರೆ

ರಾಮನಗರ
ಮಂಗಳವಾರ, 4 ಫೆಬ್ರವರಿ 2025

ಅವ್ವನಿಗೆ, ನಿನ್ನ ಬಾಯಿಬಡುಕಿ ಮಗಳು ಭಾನುವಿನ ನಮಸ್ಕಾರ.

ಈ ಕಾಗದ ಬಂದಾಗ ಅಪ್ಪ ಮನೆಯಲ್ಲಿದ್ದರೆ ಸೆರಗಿನೊಳಗೆ ಇಟ್ಟುಕೊಂಡು ಸುಮ್ಮನಿರು. ಅವರು ಕುದೂರು ಪೇಟೆಗೆ ಹೋದ ಮೇಲೆ ಓದು. ನೀನು ನಾಲ್ಕನೇ ಕ್ಲಾಸು ಓದಿದವಳು ಅಂತ ಅಕ್ಷರ ಬಿಡಿಬಿಡಿಯಾಗಿ ಬರೆದಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಪ್ರಾರ್ಥನಾ ಸಭೆಯವರು ಬೆಳಗಿನಿಂದ ಸಂಜೆಯವರೆಗೂ ಮನೆ ತುಂಬ ಇರುತ್ತಾರೆ. ಬಚ್ಚಲಿಗೆ ಹೋಗಿ ಮಾತಾಡೋಣವೆಂದರೆ ಅಲ್ಲೂ ಬಾಗಿಲು ತಟ್ಟುತ್ತಾರೆ.

ನಾವು ಹನ್ನೊಂದು ಜನ ಇದೇ ಹದಿನಾಲ್ಕಕ್ಕೆ ಸುವಾರ್ತೆ ಸಾರಲು ವಿಮಾನ ಹತ್ತುತ್ತೇವೆ. ಕೀನ್ಯಾ, ಉಗಾಂಡಾ, ರುವಾಂಡಾ, ತಾಂಜಾನಿಯಾ, ಒಟ್ಟು ಇಪ್ಪತ್ತನಾಲ್ಕು ದಿನ. ಮಾಗಡಿ ದಾಟಿದರೆ ಪರದೇಶ ಅನ್ನುವ ನಿನಗೆ ನಗು ಬರಬಹುದು. ಹಳದಿ ಜ್ವರದ ಚುಚ್ಚುಮದ್ದು ಆಯಿತು, ಮೂರು ದಿನ ತೋಳು ಎತ್ತಲಾಗಲಿಲ್ಲ. ಅಲ್ಲಿನ ಮಕ್ಕಳಿಗೆ ಹಂಚಲು ಚನ್ನಪಟ್ಟಣದಿಂದ ಎರಡು ಮೂಟೆ ಮರದ ಬುಗುರಿ, ಗಿಲಕಿ ಬಂದಿವೆ. ಒಬ್ಬರಿಗೆ ಇಪ್ಪತ್ಮೂರು ಕೆಜಿ ಅಷ್ಟೇ ಅಂತೆ, ಹಾಗಾಗಿ ದಿನಾ ಪೆಟ್ಟಿಗೆ ತೂಗುವುದೇ ಕೆಲಸ. ಒಬ್ಬರು ಹುರಿಹಿಟ್ಟು ತೆಗೆದು ಬೈಬಲ್ ಇಟ್ಟರೆ, ಇನ್ನೊಬ್ಬರು ಬೈಬಲ್ ತೆಗೆದು ಹುರಿಹಿಟ್ಟು ಇಡುತ್ತಾರೆ.

ಅಲ್ಲಿ ನನಗಿರುವುದು ಒಂದೇ ಕೆಲಸ, ಸಾಕ್ಷಿ ಹೇಳುವುದು. ದೇವರು ನಮ್ಮ ಬದುಕಿನಲ್ಲಿ ಏನು ಮಾಡಿದ ಎಂದು ಎಲ್ಲರೆದುರು ನಿಂತು ಹೇಳುವುದಕ್ಕೆ ನಮ್ಮಲ್ಲಿ ಹಾಗನ್ನುತ್ತಾರೆ. ನನ್ನದು ನಮ್ಮ ಶ್ವೇತಳ ಫಿಟ್ಸ್ ವಾಸಿಯಾದ ಸಾಕ್ಷಿ. ಹೋದ ವರ್ಷ ಕನಕಪುರದ ಮೈದಾನದಲ್ಲಿ ನಾನು ಹೇಳಿದ್ದನ್ನು ಯಾರೋ ಫೋನಿನಲ್ಲಿ ಹಿಡಿದರು. ಅದು ಎಲ್ಲೆಲ್ಲೋ ಹೋಗಿ, ಆ ಸಹೋದರಿಯೇ ಬರಬೇಕು ಎಂದು ಆ ದೇಶಗಳ ಸಭೆಗಳಿಂದ ಕರೆ ಬಂತು.

ಅವ್ವ, ಅವಳಿಗೆ ವಾಸಿಯಾಗಿಲ್ಲ. ಈಗಲೂ ದಿನಕ್ಕೆರಡು ಮಾತ್ರೆ ನುಂಗುತ್ತಾಳೆ.

ಇದು ನನಗೆ, ಅವಳಿಗೆ, ಪಕ್ಕದ ಮನೆ ಮುನವ್ವರಾಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಿನ್ನ ಅಳಿಯನಿಗೂ ಗೊತ್ತಿಲ್ಲ. ಮಾತ್ರೆ ಡಬ್ಬಿ ಮುನವ್ವರಾ ಮನೆಯಲ್ಲಿದೆ. ಅವಳು ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೊರಡುವ ಮುಂಚೆ ಒಂದು, ಬಂದ ಮೇಲೆ ಒಂದು. ಶ್ವೇತ ಹಾಲು ತರುವ ನೆಪ ಹೇಳಿ ಹೋಗಿ ನುಂಗಿ ಬರುತ್ತಾಳೆ. ಒಂಬತ್ತು ವರ್ಷದ ಮಗುವಿಗೆ ನಾನು ಕಲಿಸಿದ ವಿದ್ಯೆ ಇದು.

ಪಾಸ್ಟರ್ ಅನಂತರಾಜು ಅವರನ್ನು ಬೈಯಬೇಡ. ಮಾತ್ರೆ ಬಿಡಿ ಎಂದು ಅವರು ಯಾವತ್ತೂ ಯಾರಿಗೂ ಹೇಳಿದವರಲ್ಲ. ಶ್ವೇತ ಆಸ್ಪತ್ರೆಯಲ್ಲಿದ್ದಾಗ ಐದು ದಿನ ಬೆಂಚಿನ ಮೇಲೆ ಕೂತವರು ಅವರು. ನಾನು ಈ ಸಭೆಗೆ ಸೇರಿದ ಸಿಟ್ಟಿಗೆ ಅಪ್ಪ ಕುದೂರಿನಿಂದ ಅಲ್ಲಾಡಲಿಲ್ಲ. ಇರಲಿ. ಸುಳ್ಳು ನನ್ನದೇ. ಏಳು ತಿಂಗಳಿಂದ ಫಿಟ್ಸ್ ಬಂದಿಲ್ಲ ಎಂದು ಹೇಳಲಷ್ಟೇ ವೇದಿಕೆ ಹತ್ತಿದ್ದೆ, ಅದು ನಿಜವೂ ಆಗಿತ್ತು. ಮೈಕು ಕೈಗೆ ಬಂದಾಗ, ಮಾತ್ರೆಯ ಸುದ್ದಿ ಎತ್ತಿದರೆ ದೇವರಿಗೆ ಸಲ್ಲುವ ಮಹಿಮೆಯಲ್ಲಿ ಮಾತ್ರೆಗೂ ಪಾಲು ಕೊಟ್ಟ ಹಾಗಾಗುತ್ತದಲ್ಲ ಅನಿಸಿತು. ಮಾತ್ರೆಯನ್ನೂ ಬಿಟ್ಟೆವು ಅಂದುಬಿಟ್ಟೆ. ಸ್ತೋತ್ರ ಸ್ತೋತ್ರ ಎಂದು ಮೈದಾನವೆಲ್ಲ ಎದ್ದು ನಿಂತಿತು. ಮುಂದೆ ಹೇಗೂ ಬಿಡುತ್ತೇವೆ, ನಾನು ಒಸಿ ಮುಂಚೆ ಹೇಳಿದೆ ಅಂದುಕೊಂಡೆ. ವಾಪಸು ಬರುವಾಗ ಬಸ್ಸಿನಲ್ಲಿ ನಿನ್ನ ಅಳಿಯ ಅತ್ತುಬಿಟ್ಟರು. "ನಂಗೂ ಹೇಳ್ದೆ ಎಂಥ ಧೈರ್ಯ ಮಾಡ್ಬುಟ್ಟೆ ಕಣೇ" ಅಂದರು. ಆಗಲೇ ಹೇಳಬೇಕಿತ್ತು. ಅವರು ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಅವ್ವ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಿದ್ದೆಯಲ್ಲ, ಹಾಗಾಯಿತು.

ಅಕ್ಟೋಬರಿನಲ್ಲಿ ಆ ದೇಶಗಳಿಂದ ಕರೆ ಬಂದಾಗ ಇನ್ನೂ ದೊಡ್ಡ ತಪ್ಪು ಮಾಡಿದೆ. ಆಡಿದ ಮಾತನ್ನು ನಿಜ ಮಾಡಿಬಿಡೋಣವೆಂದು ಎರಡು ದಿನ ಮಾತ್ರೆ ನಿಲ್ಲಿಸಿ ಉಪವಾಸ ಕೂತೆ. ದೇವರೇ, ನನ್ನ ಮಾನ ಉಳಿಸು ಎಂದು ಬೇಡಿದೆ. ಮಗುವನ್ನು ಉಳಿಸು ಅಂತಲ್ಲ, ನನ್ನ ಮಾನ ಅಂತ. ಮೂರನೇ ದಿನ ಬೆಳಿಗ್ಗೆ, ನಿನ್ನ ಅಳಿಯ ಕೆಲಸಕ್ಕೆ ಹೋದ ಮೇಲೆ, ಅವಳಿಗೆ ಜಡೆ ಹಾಕುತ್ತಿದ್ದಾಗ ಫಿಟ್ಸ್ ಬಂತು. ಅವಳು ನೆಲಕ್ಕೆ ಬಿದ್ದರೂ ಜಡೆ ನನ್ನ ಕೈಯಲ್ಲೇ ಇತ್ತು. ಮುನವ್ವರಾ ಓಡಿ ಬಂದು ಮಗ್ಗುಲಿಗೆ ಮಲಗಿಸಿದಳು. ಎಲ್ಲ ಮುಗಿದ ಮೇಲೆ, "ದೇವ್ರಿಗೆ ಪರೀಕ್ಷೆ ಇಡೋದಿದ್ರೆ ನಿನ್ ತಲೆ ಮ್ಯಾಲೆ ಇಡು ಭಾನು, ಮಗು ಮ್ಯಾಲೆ ಬ್ಯಾಡ" ಅಂದಳು. ಅವತ್ತು ಡಬ್ಬಿ ತೆಗೆದುಕೊಂಡು ಹೋದವಳು ಮತ್ತೆ ನನ್ನ ಕೈಗೆ ಕೊಟ್ಟಿಲ್ಲ.

ಈಗ ದಿನಾ ಸಂಜೆ ಅಭ್ಯಾಸ. ಪಾಸ್ಟರ್ ಹೆಂಡತಿ ಗ್ರೇಸಮ್ಮ ನನ್ನ ಪಕ್ಕ ನಿಂತು ನನ್ನ ಸಾಕ್ಷಿಯನ್ನು ಇಂಗ್ಲಿಷಿಗೆ ಮಾಡುತ್ತಾರೆ. ನಾನು ಒಂದು ವಾಕ್ಯ ಹೇಳಿ ನಿಲ್ಲಬೇಕು, ಅವರು ಹೇಳಿದ ಮೇಲೆ ಮುಂದಿನದು. ಇಷ್ಟು ದಿನ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದೆ, ಸುಳ್ಳು ನಡುವೆ ಹೇಗೋ ದಾಟಿಹೋಗುತ್ತಿತ್ತು. ಈಗ ಆಗುವುದಿಲ್ಲ. ಮಗಳ ಮಾತ್ರೆ ಬಿಟ್ಟೆವು ಅನ್ನುತ್ತೇನೆ, ಬಾಯಿ ಮುಚ್ಚಿ ನಿಲ್ಲುತ್ತೇನೆ. ಗ್ರೇಸಮ್ಮ ಅದನ್ನೇ ನಿಧಾನವಾಗಿ, ಸಂತೋಷದಿಂದ ಹೇಳುತ್ತಾರೆ. ಅಷ್ಟು ಹೊತ್ತೂ ಅದನ್ನು ಕೇಳುತ್ತಾ ನಿಂತಿರಬೇಕು. ಮೊನ್ನೆ ಅಲ್ಲೇ ತಡವರಿಸಿದೆ. ಭಯ ಬೇಡ ಸಹೋದರಿ, ಅಭ್ಯಾಸವಾಗುತ್ತದೆ ಎಂದು ಬೆನ್ನು ಸವರಿದರು.

ಇಲ್ಲಿಗೇ ನಿಂತಿದ್ದರೆ ಹೇಗೋ ನಾಲ್ಕು ದೇಶದಲ್ಲೂ ಸುಳ್ಳು ಹೇಳಿ ಬಂದುಬಿಡುತ್ತಿದ್ದೆನೇನೋ. ಆದರೆ ಮಗುವೂ ವೇದಿಕೆಗೆ ಬರಲಿ, ಜನ ಕಣ್ಣಾರೆ ನೋಡಲಿ ಎಂದು ಹೋದ ತಿಂಗಳು ತೀರ್ಮಾನವಾಯಿತು. ಅವಳ ಪಾಸ್‌ಪೋರ್ಟೂ ಬಂದಿದೆ. ಅಲ್ಲಿ ನಾವು ಆರು ಹೆಂಗಸರು ಒಂದೇ ಕೋಣೆಯಲ್ಲಿ ಮಲಗುವುದು, ಒಬ್ಬರ ಚೀಲವನ್ನು ಇನ್ನೊಬ್ಬರು ಕಟ್ಟುವುದು. ಮಾತ್ರೆ ಎಲ್ಲಿಡಲಿ? ಅಲ್ಲಿ ಮುನವ್ವರಾ ಇರುವುದಿಲ್ಲ. ಕೊಟ್ಟರೆ ಸಿಕ್ಕಿಬೀಳುತ್ತೇನೆ, ಕೊಡದಿದ್ದರೆ ಮಗು ಬೀಳುತ್ತದೆ. ಗಂಟಲಲ್ಲಿ ಬಿಸಿತುಪ್ಪ ಇಟ್ಟುಕೊಂಡು ಕೂತಿದ್ದೇನೆ.

ಎಲ್ಲ ಹೇಳಿಬಿಡು ಅನ್ನುತ್ತೀಯ. ಹೇಳಿದರೆ ಹನ್ನೊಂದು ಜನರ ಪಯಣ ನಿಲ್ಲುತ್ತದೆ. ನಿನ್ನ ಅಳಿಯ ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಸಿಕ್ಕವರಿಗೆಲ್ಲ ಮಗಳ ಕಥೆ ಹೇಳಿದ್ದಾರೆ, ಅವರು ನಾಳೆ ಅಲ್ಲಿ ತಲೆ ಎತ್ತಬೇಕಲ್ಲ. ನಾನು ದೇವರನ್ನು ಬಿಟ್ಟಿಲ್ಲ ಅವ್ವ. ಆ ಮಾತ್ರೆಯೂ ಅವನು ಕೊಟ್ಟದ್ದೇ ಎಂದು ಆ ಮೈಕಿನಲ್ಲಿ ಹೇಳಬಹುದಿತ್ತು, ನನಗೆ ಹೊಳೆಯಲಿಲ್ಲ. ಈಗ ಪ್ರಾರ್ಥನೆಗೆ ಮೊಣಕಾಲೂರಿದರೆ ನಾಚಿಕೆಯಾಗುತ್ತದೆ.

ಅದಕ್ಕೆ ನಿನ್ನ ಕಾಲಿಗೆ ಬೀಳುತ್ತೇನೆ. ಹನ್ನೆರಡನೇ ತಾರೀಕಿನೊಳಗೆ ಬಾ. ಅಪ್ಪನಿಗೆ ಜೋರು ಕಾಯಿಲೆ, ಮೊಮ್ಮಗಳನ್ನು ನೋಡಬೇಕು ಅಂತಾರೆ ಎಂದು ಎಲ್ಲರೆದುರು ಅಳು. ಶ್ವೇತಳನ್ನು ಕರೆದುಕೊಂಡು ಹೋಗು. ಮಾತ್ರೆಯನ್ನು ಮುನವ್ವರಾ ನಿನ್ನ ಚೀಲಕ್ಕೆ ಹಾಕುತ್ತಾಳೆ. ಬೆಳಿಗ್ಗೆ ಏಳಕ್ಕೆ ಒಂದು, ಸಂಜೆ ಏಳಕ್ಕೆ ಒಂದು, ಮರೆಯಬಾರದು. ಅಪ್ಪ ನನ್ನನ್ನು ಏನೇ ಅನ್ನಲಿ, ಅವಳೆದುರು ಅನ್ನದಿದ್ದರೆ ಸಾಕು. ಸುಳ್ಳು ಹೇಳಬೇಡ ಎಂದು ನನ್ನನ್ನು ಸೌದೆಯಲ್ಲಿ ಹೊಡೆದವಳು ನೀನು. ನಿನಗೇ ಸುಳ್ಳು ಹೇಳು ಅನ್ನುತ್ತಿದ್ದೇನೆ. ಬೇರೆ ದಾರಿ ಕಾಣುತ್ತಿಲ್ಲ.

ನಾಳೆ ಮುನವ್ವರಾ ಕುದೂರಿನ ತಂಗಿ ಮನೆಗೆ ಹೊರಟಿದ್ದಾಳೆ, ಈ ಕಾಗದ ಅವಳ ಕೈಯಲ್ಲೇ ಬರುತ್ತದೆ.

ಮುಖ ತೋರಿಸಲಾರದ ನಿನ್ನ ಮಗಳು,
ಭಾನುಪ್ರಿಯ

ಬುಧವಾರ ಬೆಳಿಗ್ಗೆ ಸೇರಿಸಿದ್ದು:

ನಿನ್ನೆ ಇದೊಂದನ್ನು ಬರೆಯಲು ಕೈ ಬರಲಿಲ್ಲ. ಭಾನುವಾರ ಬಸಮ್ಮ ಎಂಬ ಹೆಂಗಸು ಹನ್ನೆರಡು ವರ್ಷದ ಮಗಳು ರಕ್ಷಿತಾಳನ್ನು ಕರೆದುಕೊಂಡು ಬಂದಿದ್ದಳು. ಅದೇ ಕಾಯಿಲೆ. "ನಿಮ್ಮ ವಿಡಿಯೋ ನೋಡಿ ಮಾತ್ರೆ ನಿಲ್ಲಿಸ್ಬುಟ್ಟೆ ಕಣಕ್ಕ, ಇಪ್ಪತ್ ದಿನ ಆಯ್ತು, ಒಸಿ ತಲೆ ಮ್ಯಾಲೆ ಕೈ ಇಡಿ" ಅಂದಳು. ಮನೆ ತುಂಬ ಜನ. ನಾನು ಕಣ್ಣು ಮುಚ್ಚಿ ಆ ಹುಡುಗಿಯ ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿದೆ. ಬೇರೆ ಏನೂ ಹೇಳಲಿಲ್ಲ.

ಈಗ ಕನಕಪುರದ ಆಸ್ಪತ್ರೆಯಿಂದ ಬಸಮ್ಮನ ಫೋನ್ ಬಂತು. ಹುಡುಗಿಗೆ ಬಂದ ಫಿಟ್ಸ್ ನಿಲ್ಲಲೇ ಇಲ್ಲವಂತೆ, ಇನ್ನೂ ಕಣ್ಣು ಬಿಟ್ಟಿಲ್ಲವಂತೆ. ಬೈಯುತ್ತಾಳೆ ಅಂದುಕೊಂಡೆ. "ನಿಮ್ಗಿರೋವಷ್ಟು ನಂಬ್ಕೆ ನಂಗಿಲ್ಲ ಅಂತ ಹಿಂಗಾಯ್ತೇನಕ್ಕ?" ಎಂದು ಕೇಳಿದಳು. ಮಾತ್ರೆ ನಿಲ್ಲಿಸಿದ್ದನ್ನು ಡಾಕ್ಟರಿಗೆ ಹೇಳಿದೆಯಾ ಅಂದೆ. ಹೇಳಿಲ್ಲವಂತೆ, ಹೇಳಿದರೆ ದೇವರ ಹೆಸರಿಗೆ ಕಳಂಕ ಬರುತ್ತದಂತೆ.

ಓಡಿ ಹೋಗಿ ಡಾಕ್ಟರಿಗೆ ಹೇಳು ಬಸಮ್ಮ, ನನ್ನ ಮಗಳು ಇವತ್ತು ಬೆಳಿಗ್ಗೆಯೂ ಮಾತ್ರೆ ನುಂಗಿದ್ದಾಳೆ ಎಂದು ಕೂಗಿಬಿಟ್ಟೆ. ತಿರುಗಿದರೆ ಬಾಗಿಲಲ್ಲಿ ನಿನ್ನ ಅಳಿಯ ನಿಂತಿದ್ದರು, ಅವರ ಹಿಂದೆ ಗ್ರೇಸಮ್ಮ. ನಾನು ಕನಕಪುರಕ್ಕೆ ಹೊರಟೆ. ನೀನು ಬಾ ಅವ್ವ, ಅಪ್ಪನ ಕಾಯಿಲೆಯ ಸುಳ್ಳು ಬೇಡ. ಮಾತ್ರೆಯ ಸುದ್ದಿ ಬಯಲಾದ ಮೇಲೆ ಶ್ವೇತಳನ್ನು ಕರೆದುಕೊಂಡು ಹೋಗಲು ಇನ್ನು ಯಾರನ್ನೂ ಕೇಳಬೇಕಾಗಿಲ್ಲ.